ಷಡ್ಡಕನ ಹೊಲದ ಕೆಂಪು ಚೌಕ

ಬೇಡಗದ ಶ್ರೀಪಾಲನ ಆ ದಿನದ ತಾಪತ್ರಯವೆಲ್ಲ ಶುರುವಾದದ್ದು ಒಂದು ಕೆಂಪು ಚೌಕದಿಂದ. ಚೌಕವೇನು ದೊಡ್ಡದಲ್ಲ, ಬೆಂಕಿಪೆಟ್ಟಿಗೆಯ ಅರ್ಧದಷ್ಟು. ಗ್ರಾಮಪಂಚಾಯಿತಿಯ ಗೋಡೆಗೆ ಅಂಟಿಸಿದ್ದ ನಕಾಶೆಯಲ್ಲಿ, ಮಿರಜದಿಂದ ಊರಿಗೆ ಬರುವ ರಸ್ತೆಯ ಎಡಬದಿಗೆ, ಹಸಿರು ಬಣ್ಣದ ನಟ್ಟನಡುವೆ ಕೂತಿತ್ತು. ಬಲಬದಿಗೆ ಬರೀ ಹಸಿರು.

ಎಡಬದಿಯ ಆರು ಎಕರೆ ಅವನ ಷಡ್ಡಕ, ಊರಿನ ಮಾತಿನಲ್ಲಿ ಸಾಡೂ, ಧರಣೇಂದ್ರನದು. ಬಲಬದಿಯ ಆರು ಎಕರೆ ಶ್ರೀಪಾಲನದು. ಸರಿಯಾಗಿ ಹೇಳಬೇಕೆಂದರೆ ಎರಡೂ ಅವರ ಹೆಂಡಂದಿರವು. ಮಾವನಿಗೆ ಗಂಡುಮಕ್ಕಳಿರಲಿಲ್ಲ. ಇದ್ದ ಹನ್ನೆರಡು ಎಕರೆಯನ್ನು ನಡುವಿನ ರಸ್ತೆಯೇ ಸಮವಾಗಿ ಪಾಲು ಮಾಡಿಟ್ಟಿತ್ತು. ಮುದುಕ ಎರಡು ಚೀಟಿ ಬರೆದು ತಂಬಿಗೆಯಲ್ಲಿ ಹಾಕಿ ಹೆಣ್ಣುಮಕ್ಕಳಿಂದ ಎತ್ತಿಸಿದ. ಹಿರಿಯಳಾದ ಚಂದ್ರಾಬಾಯಿಗೆ ಬಲಗಡೆಯದು ಬಂತು, ಕಿರಿಯಳಾದ ಸರುಬಾಯಿಗೆ ಎಡಗಡೆಯದು. ಎಡಗಡೆಯದೇ ಒಳ್ಳೆಯ ಹೊಲ ಎಂದು ಶ್ರೀಪಾಲನಿಗೆ ಆ ಕ್ಷಣವೇ ಅನಿಸಿಬಿಟ್ಟಿತು. ಚಂದ್ರಾಬಾಯಿ ಎಡಗಡೆಯ ಚೀಟಿ ಎತ್ತಿದ್ದರೆ ಬಲಗಡೆಯದು ಒಳ್ಳೆಯದು ಅನಿಸುತ್ತಿತ್ತು, ಆ ಮಾತು ಬೇರೆ.

ಅಂದಿನಿಂದ ಇಪ್ಪತ್ತು ವರ್ಷ ಶ್ರೀಪಾಲ ತನ್ನ ಹೊಲದಲ್ಲಿ ನಿಂತು ರಸ್ತೆಯಾಚೆಯ ಹೊಲವನ್ನೇ ನೋಡುತ್ತ ಬಂದಿದ್ದ. ತನ್ನ ಎಲೆಬಳ್ಳಿಯ ತೋಟ ಮಿರಜದ ಪೇಟೆಯಲ್ಲಿ ಹೆಸರು ಮಾಡಿದ್ದರೂ ಅವನ ಕಣ್ಣಿಗೆ ಚಂದ ಕಾಣುತ್ತಿದ್ದದ್ದು ಧರಣೇಂದ್ರನ ಅರಿಶಿನ. ಧರಣೇಂದ್ರನ ಮನೆಗೆ ಟೆಲಿಫೋನು ಬಂದ ದಿನ ಇವನಿಗೆ ಜ್ವರ ಬಂದಿತ್ತು. ಹಾಗಂತ ಕೆಟ್ಟ ಮನುಷ್ಯನಲ್ಲ. ಊರಲ್ಲಿ ಯಾರಿಗೆ ಏನು ಬಂದರೂ ಸಂತೋಷಪಡುತ್ತಿದ್ದ, ಷಡ್ಡಕನೊಬ್ಬನಿಗೆ ಬರಬಾರದು ಅಷ್ಟೇ.

ಸಾಂಗಲಿ, ಮಿರಜ, ಕುಪವಾಡ ಮೂರೂ ಸೇರಿ ಒಂದೇ ಮಹಾನಗರಪಾಲಿಕೆಯಾದ ಮರುವರ್ಷದ ಮಾತಿದು. ನಗರ ಬೆಳೆಯುತ್ತದೆ, ಸುತ್ತಲಿನ ಊರುಗಳೂ ಅದರ ಜೊತೆಗೇ ಬೆಳೆಯಬೇಕು ಎಂದು ದೊಡ್ಡದೊಂದು ಯೋಜನೆ ತಯಾರಾಗಿತ್ತು. ಅದರ ನಕಾಶೆ ಸಾಂಗಲಿಯ ಕಚೇರಿಯಲ್ಲಿ ಒಂದು ವರ್ಷದಿಂದ ತೂಗುತ್ತಿತ್ತಂತೆ. ಬೇಡಗದ ಗೋಡೆಗೆ ಬಂದದ್ದು ಮಾತ್ರ ನಿನ್ನೆ ಸಂಜೆ.

ನಕಾಶೆಯ ಮುಂದೆ ಬಾಬಾಸಾಹೇಬ ಕಾಕಾ ಆಗಲೇ ಜನ ಕೂಡಿಸಿದ್ದರು. ಕೋರ್ಟಿನಲ್ಲಿ ಬೇಲಿಫ್ ಆಗಿ ನಿವೃತ್ತರಾದವರು. ಮರಾಠಿ ಪತ್ರಿಕೆಯನ್ನು ಮೊದಲ ಅಕ್ಷರದಿಂದ ಕೊನೆಯ ಜಾಹೀರಾತಿನವರೆಗೆ ಓದಿ ಊರಿಗೆಲ್ಲ ಕನ್ನಡದಲ್ಲಿ ಹಂಚುವುದು ಈಗಿನ ಅವರ ನೌಕರಿ.

"ಈ ಕೆಂಪು ಅಂದ್ರ ಟ್ರಕ್ ನಿಲ್ದಾಣ," ಎಂದು ಕಾಕಾ ಬೆತ್ತದಿಂದ ಚೌಕವನ್ನು ಕುಟ್ಟಿದರು. "ಒಂದಲ್ಲಾ ಎರಡಲ್ಲಾ, ಮುನ್ನೂರು ಟ್ರಕ್ ನಿಲ್ತಾವ. ಬಾಜೂಕ ಗೋದಾಮು, ಪೆಟ್ರೋಲ್ ಪಂಪು, ಹೋಟೆಲ್ಲು. ಸಾಂಗಲಿ ಅರಿಶಿಣ, ತಾಸಗಾವದ ದ್ರಾಕ್ಷಿ, ಎಲ್ಲಾ ಇಲ್ಲಿಂದನ ದೇಶಕ್ಕ ಹೋಗೂದು. ಕೊಲ್ಹಾಪುರದವ್ರು ಭಾಳ ಮುಂದ ಹೋಗ್ಯಾರಲ್ಲ, ಅವರ ಸೊಕ್ಕ ಮುರೀಬೇಕಂದ್ರ ಇದ ಆಗಬೇಕು. ಪೇಪರನ್ಯಾಗ ಬರದಾರ."

"ಆ ಜಾಗಾ ಯಾರದು ಕಾಕಾ?" ಎಂದು ಶ್ರೀಪಾಲ ಕೇಳಿದ. ಗೊತ್ತಿದ್ದೇ ಕೇಳಿದ.

"ನಿನ್ನ ಸಾಡೂನ್ದು! ಪುಣ್ಯೇವಂತ ನೋಡು. ಇವತ್ತ ಪುಣೆದಿಂದ ಸಾಹೇಬ ಬರಾಕತ್ಯಾನ, ಜಾಗಾ ನೋಡಿ ಪಕ್ಕಾ ಮಾಡಾಕ. ಇವತ್ತ ಕಡೀ ದಿನ. ಸಂಜಿಕೆ ಫೈಲ್ ಬಂದ್ ಆದ್ರ ಮುಂದ ಬ್ರಹ್ಮ ಬಂದ್ರೂ ಬದಲಾಗಾಂಗಿಲ್ಲ. ಧರಣೇಂದ್ರ ಮಿರಜದಿಂದ ಪೇಢಾ ತರಿಸ್ಯಾನ, ಹೊಸಾ ಟೊಪಗಿ ಹಾಕ್ಕೊಂಡು ಕುಂತಾನ."

ಶ್ರೀಪಾಲ ಹತ್ತಿರ ಹೋಗಿ ಆ ಚೌಕವನ್ನು ಇನ್ನೊಮ್ಮೆ ನೋಡಿದ. ವರ್ತುಲ ರಸ್ತೆಯ ಪಕ್ಕದ ಜಮೀನು ಮಾರಿದವರು ಕಾರಿನಲ್ಲಿ ಓಡಾಡುವುದನ್ನು ಅವನು ಸಾಂಗಲಿಯಲ್ಲಿ ಕಣ್ಣಾರೆ ನೋಡಿದ್ದ. ಇನ್ನು ಸರಕಾರವೇ ಬಂದು ಇಡೀ ಹೊಲ ಕೊಳ್ಳುತ್ತದೆಂದರೆ ಧರಣೇಂದ್ರನನ್ನು ಹಿಡಿಯುವವರು ಯಾರು? ರಸ್ತೆ ಅದೇ, ಮಣ್ಣು ಅದೇ, ಮಾವನೂ ಅವನೇ. ಚೌಕ ಎರಡು ಬೆರಳು ಈಚೆಗೆ ಬಿದ್ದಿದ್ದರೆ ಏನಾಗುತ್ತಿತ್ತು ಎಂದುಕೊಂಡು ಮನೆಗೆ ಬಂದ.

ಮನೆಯಲ್ಲಿ ಚಂದ್ರಾಬಾಯಿ ಹೊಸ ಸೀರೆ ಉಟ್ಟು ಹೊರಗೆ ಹೊರಟಿದ್ದಳು.

"ಎಲ್ಲಿಗೆ?"

"ಸರೂ ಹೇಳಿ ಕಳಸ್ಯಾಳ್ರೀ. ಅವರ ಮನ್ಯಾಗ ಯಾರೋ ಸಾಹೇಬ ಊಟಕ್ಕ ಬರ್ತಾರಂತ. ಹೋಳಿಗಿ ಮಾಡಾಕ ಕೈಗೂಡ್ಸು ಅಂದ್ಲು. ಹೊತ್ತು ಮುಳುಗೂದ್ರಾಗ ಊಟಾ ಆಗಬೇಕಲ್ಲ."

"ನನ್ನ ಹೇಣ್ತಿ ಹೋಗಿ ಅವನ ಸಾಹೇಬಗ ಹೋಳಿಗಿ ಲಟ್ಟಿಸಬೇಕ? ಹೋಗಬ್ಯಾಡ!"

"ನನ್ನ ತಂಗಿ ಕರದಾಳ್ರೀ, ಸರಕಾರ ಕರದಿಲ್ಲ," ಎಂದು ಅವಳು ಚಪ್ಪಲಿ ಮೆಟ್ಟಿದಳು.

"ಧರಣೇಂದ್ರ ಒಳಗೊಳಗ ಏನ ಮಸಲತ್ತ ನಡಸ್ಯಾನ, ಅದನ್ನರ ಹೇಳು."

"ನನಗೇನ ಗೊತ್ರೀ? ಒಂದ ವರ್ಷದಿಂದ ಎಂಟ ದಿನಕ್ಕೊಮ್ಮಿ ಸಾಂಗಲಿ ಕಚೇರಿಗೆ ಅಡ್ಡಾಡ್ತಾನ. ಮೂರು ಜೋಡ ಚಪ್ಲಿ ಸವದು ಹೋದ್ವಂತ. ಜಮೀನಿನ ಕೆಲಸ ಅಂತಾಳ ಸರೂ, ಮುಂದ ಬಾಯಿ ಬಿಡವಲ್ಲಳು."

ಶ್ರೀಪಾಲನಿಗೆ ಎಲ್ಲವೂ ಹೊಳೆದುಹೋಯಿತು. ಒಂದು ವರ್ಷದಿಂದ ಕಾಲು ಸವೆಸಿ, ಪೇಢೆ ತಿನ್ನಿಸಿ, ಕೆಂಪು ಚೌಕವನ್ನು ತನ್ನ ಹೊಲದ ಮೇಲೆ ಹಾಕಿಸಿಕೊಂಡಿದ್ದಾನೆ ಕಳ್ಳ! ಖಾಸಾ ಷಡ್ಡಕನಿಗೆ ಒಂದು ಮಾತು ಹೇಳಲಿಲ್ಲ. ಇವತ್ತು ಸಾಹೇಬನ ಹೊಟ್ಟೆಗೆ ಹೋಳಿಗೆ ಇಳಿದರೆ ಕೆಲಸ ಮುಗಿದಂತೆಯೇ. ಹೋಳಿಗೆ ಇಳಿಯಬಾರದು. ಎರಡೂ ಮನೆಯವರು ಜೈನರು, ಧರಣೇಂದ್ರನ ಮನೆಯಲ್ಲಿ ಕತ್ತಲಾದ ಮೇಲೆ ಒಲೆ ಹಚ್ಚುವುದಿಲ್ಲ, ಎಲೆ ಹಾಕುವುದಿಲ್ಲ. ಸೂರ್ಯ ಮುಳುಗುವವರೆಗೆ ಸಾಹೇಬನನ್ನು ದಾರಿಯಲ್ಲೇ ಹಿಡಿದಿಟ್ಟುಕೊಂಡರೆ ಸಾಕು. ಅಷ್ಟರಲ್ಲಿ ಚೌಕವನ್ನು ರಸ್ತೆ ದಾಟಿಸಿಕೊಳ್ಳಬೇಕು.

ಮದುವೆಯ ಕೋಟು ತೆಗೆದು ತೊಟ್ಟ. ಕೋಟು ಇದ್ದಷ್ಟೇ ಇತ್ತು, ಇವನು ಇದ್ದಷ್ಟೇ ಇರಲಿಲ್ಲ. ಗುಂಡಿ ಹಾಕದೆ ಬಿಟ್ಟು, ಲೂನಾ ಗಾಡಿಯ ಹಿಡಿಗೆ ಚೆಂಡುಹೂವಿನ ಮಾಲೆ ತೂಗುಹಾಕಿಕೊಂಡು ತನ್ನ ಹೊಲದ ಬದುವಿನ ಹತ್ತಿರ ಬಂದು ನಿಂತ. ಮಿರಜದಿಂದ ಯಾವ ಜೀಪು ಬಂದರೂ ಮೊದಲು ಈ ಹೊಲಗಳು, ಆಮೇಲೆ ಊರು.

ಎರಡು ಗಂಟೆಯ ಸುಮಾರಿಗೆ ಸರಕಾರಿ ಜೀಪೊಂದು ಧೂಳೆಬ್ಬಿಸುತ್ತ ಬಂತು. ಶ್ರೀಪಾಲ ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದ. ಒಳಗಿದ್ದ ಕನ್ನಡಕದ ಮನುಷ್ಯ ಇಳಿಯುವ ಮೊದಲೇ ಕೊರಳಿಗೆ ಮಾಲೆ ಬಿತ್ತು.

"ಬರ್ರಿ ಸಾಹೇಬರ, ಬರ್ರಿ. ನಿಮ್ಮ ದಾರಿನ ಕಾಯಾಕತ್ತಿದ್ದೆ. ಮೊದಲ ನಮ್ಮ ಕಡೆ ನೋಡ್ರಿ, ಆಮ್ಯಾಲೆ ಆಚೀ ಕಡೆ."

ಸಾಹೇಬನ ಕಣ್ಣು ತುಂಬಿ ಬಂದವು. "ಹದಿನೆಂಟು ವರ್ಷದ ನೌಕರಿಯೊಳಗ ಇಷ್ಟು ಆಸ್ಥೆ ಇರೂ ರೈತ ನನಗ ಸಿಕ್ಕಿದ್ದಿಲ್ಲ. ಎಲ್ಲಾರೂ ನನ್ನ ಕಂಡ್ರ ಓಡಿಹೋಗ್ತಾರ. ಎಲ್ಲಿ ಅದಾವ?"

"ಏನ್ ಎಲ್ಲಿ ಅದಾವ್ರಿ?"

"ದನಗೋಳು!"

ಅವರು ಪಶುವೈದ್ಯರು. ಲಿಂಗನೂರಿಗೆ ಕುರಿಗಳಿಗೆ ಚುಚ್ಚುಮದ್ದು ಹಾಕಲು ಹೊರಟವರು. ಶ್ರೀಪಾಲ ಎಷ್ಟು ಬೇಡವೆಂದರೂ ಕೇಳದೆ, ಇಂಥ ರೈತನನ್ನು ಬಿಟ್ಟು ಹೋಗುವುದು ಪಾಪವೆಂದು ತೋಟದ ಗುಡಿಸಲಲ್ಲಿ ಕಟ್ಟಿದ್ದ ಎಮ್ಮೆಯನ್ನು ಅವನ ಕೈಯಿಂದಲೇ ಹಿಡಿಸಿ ಸೂಜಿ ಚುಚ್ಚಿದರು. ಎಮ್ಮೆ ತನ್ನ ಸಿಟ್ಟನ್ನು ವೈದ್ಯರ ಮೇಲೆ ತೀರಿಸಿಕೊಳ್ಳಲಿಲ್ಲ. ಶ್ರೀಪಾಲ ಸಗಣಿಯಿಂದ ಏಳುವ ಹೊತ್ತಿಗೆ ಕೋಟಿನ ಒಂದು ತೋಳು ಹೆಗಲು ಬಿಟ್ಟಿತ್ತು, ರಸ್ತೆಯಲ್ಲಿ ಇನ್ನೊಂದು ಜೀಪು ಬರುವುದು ಕಾಣುತ್ತಿತ್ತು.

"ಡಾಕ್ಟರ್, ಸ್ವಲ್ಪ ಬಗ್ರಿ," ಎಂದು ಅವರ ಕೊರಳ ಮಾಲೆಯನ್ನು ತೆಗೆದುಕೊಂಡು ಓಡಿದ.

ಈ ಸಲ ಸಾಹೇಬರು ಖರೇ ಸಾಹೇಬರೇ. ಕೈಯಲ್ಲಿ ಉದ್ದದ ನಕಾಶೆಯ ಸುರುಳಿ, ಬಗಲಲ್ಲಿ ಫೈಲು. ಪುಣೆಯವರಾದರೂ ತಾಯಿಯ ತವರು ಅಥಣಿಯಂತೆ, ಕನ್ನಡ ಬರುತ್ತಿತ್ತು. ಸಗಣಿ ಬಳಿದುಕೊಂಡ ಮನುಷ್ಯ ಬಾಡಿದ ಮಾಲೆ ಹಿಡಿದು ಎದುರಿಗೆ ನಿಂತದ್ದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದರು.

"ನೀವು ಧರಣೇಂದ್ರ ಅವರೇನು?"

"ಅಲ್ರಿ, ಅವನ ಸಾಡೂ. ಅವನದು ಆಚೀ ಕಡೆ, ನಮ್ಮದು ಈಚೀ ಕಡೆ. ನಿಂತ ನೋಡ್ರಿ ಸಾಹೇಬರ, ಟ್ರಕ್ ನಿಲ್ಲಾಕ ಇದಕ್ಕಿಂತ ಚಲೋ ಜಾಗಾ ಇಡೀ ಜಿಲ್ಲಾದಾಗ ಸಿಗಾಂಗಿಲ್ಲ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. "ಅಂದ್ರ, ಆಚೀ ಕಡೆ ಜಾಗಾ ಸರಿ ಇಲ್ಲೇನು?"

ಶ್ರೀಪಾಲ ಇಪ್ಪತ್ತು ವರ್ಷ ಹೊಟ್ಟೆಕಿಚ್ಚಿನಿಂದ ನೋಡಿದ ಹೊಲ ಅದು. ಅದರ ಒಂದೊಂದು ಗುಂಟೆಯೂ ಅವನಿಗೆ ಬಾಯಿಪಾಠ. ಈಗ ಅದನ್ನೇ ತಿರುವಿ ಹೇಳತೊಡಗಿದ. "ಮಳಿಗಾಲದಾಗ ಅಲ್ಲಿ ಮೊಳಕಾಲತನಾ ನೀರು ನಿಲ್ತೈತ್ರಿ. ಟ್ರಕ್ ಹೊಕ್ಕರ ದೀಪಾವಳಿಗೇ ಹೊರಗ ಬರೂದು. ಬ್ಯಾಸಿಗ್ಯಾಗ ನೆಲಾ ಹಿಂಗ ಬಿರೀತೈತಿ, ಕರು ಕಾಲು ಸಿಕ್ಕೊಂಡು ಮುರದಿತ್ತು. ಬೇವಿನ ಮರದ ಬುಡಕ ದೇವರ ಕಲ್ಲ ಐತಿ, ಕಿತ್ತರ ಕುರುಬರು ಬಡಿಗಿ ತಗೊಂಡ ಬರ್ತಾರ. ಮ್ಯಾಲ ಕರೆಂಟಿನ ದೊಡ್ಡ ತಂತಿ."

"ಖರೇನ?"

"ಸ್ವಂತ ಸಾಡೂ ಹೇಳಾಕತ್ತೀನ್ರಿ. ನನಗಿಂತಾ ಚಲೋ ಯಾರಿಗೆ ಗೊತ್ತ?"

ಸಾಹೇಬರು ಎಲ್ಲವನ್ನೂ ಬರೆದುಕೊಂಡರು. ರಸ್ತೆ ದಾಟಿ ಹೋಗಿ ಬಿರುಕು, ಕಲ್ಲು, ತಂತಿ ನೋಡಿ ಬಂದರು. ತಿರುಗಿ ಬಂದು ಶ್ರೀಪಾಲನ ಹೊಲದ ಮಟ್ಟಸವಾದ ನೆಲ, ಬಾವಿ, ಎಲೆಬಳ್ಳಿಯ ಸಾಲು ನೋಡಿದರು. "ಇಷ್ಟು ಚಂದ ತೋಟ," ಎಂದು ಒಂದು ಎಲೆ ಕಿತ್ತು ಮೂಸಿದರು.

"ತೋಟದ್ದೇನ ಬಿಡ್ರಿ ಸಾಹೇಬರ. ನಮ್ಮ ಸಾಂಗಲಿ-ಮಿರಜ ಮುಂದ ಬರಬೇಕು. ಕೊಲ್ಹಾಪುರದವರ ಸೊಕ್ಕ ಮುರೀಬೇಕು," ಎಂದು ಬಾಬಾಸಾಹೇಬರ ಮಾತನ್ನು ಶ್ರೀಪಾಲ ಧಾರಾಳವಾಗಿ ಒಪ್ಪಿಸಿದ.

ಸಾಹೇಬರು ಮೊದಲ ಸಲ ನಕ್ಕರು. "ಕೊಲ್ಹಾಪುರದಾಗ ಮೊನ್ನೆ ಇದೇ ಕೆಲಸಕ್ಕ ಹೋಗಿದ್ದೆ. ಅವರು ಪುಣೆ ಸೊಕ್ಕ ಮುರೀಬೇಕು ಅಂದ್ರು. ಪುಣೆದವರು ಮುಂಬೈದು ಅಂತಾರ." ಆಮೇಲೆ ಗಂಭೀರವಾದರು. "ನೋಡ್ರಿ, ಚೌಕ ಈಚೀ ಕಡೆ ತಗೊಳ್ಳಾಕ ಬರ್ತೈತಿ. ಆದ್ರ ಇವತ್ತ ಕಡೀ ದಿನ. ಮಾಲೀಕರು ತಕರಾರಿಲ್ಲ ಅಂತ ಬರದು ಕೊಟ್ರ ಮಾತ್ರ. ವಿಚಾರ ಮಾಡಿ ಹೇಳ್ರಿ."

"ವಿಚಾರ ಮಾಡಿ ಇಪ್ಪತ್ತ ವರ್ಷ ಆತ್ರಿ."

ಸಾಹೇಬರು ಹೇಳಿದಂತೆ ಶ್ರೀಪಾಲ ಬರೆದ. ಕೆಳಗೆ ಸಹಿ ಹಾಕಲು ಹೋದಾಗ ಸಾಹೇಬರು ಕೈ ತಡೆದರು. "ಉತಾರಾದಾಗ ಜಮೀನು ಚಂದ್ರಾಬಾಯಿ ಅನ್ನೂವರ ಹೆಸರಿಲೆ ಐತಲ್ಲ? ಸಹಿ ಅವರದ ಬೇಕು."

ಶ್ರೀಪಾಲ ಪೆನ್ನು ಹಿಡಿದೇ ಊರಿನ ಕಡೆ ನೋಡಿದ. ಚಂದ್ರಾಬಾಯಿ ಇದ್ದದ್ದು ವೈರಿಯ ಅಡುಗೆಮನೆಯಲ್ಲಿ. "ಹತ್ತ ಮಿನಿಟು ಸಾಹೇಬರ, ಎಲ್ಲೂ ಹೋಗಬ್ಯಾಡ್ರಿ!" ಎಂದು ಲೂನಾ ಒದ್ದ.

ಧರಣೇಂದ್ರ ಹೊಸ ಟೊಪ್ಪಿಗೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತು, ಒಮ್ಮೆ ರಸ್ತೆಯನ್ನೂ ಒಮ್ಮೆ ಇಳಿಯುವ ಬಿಸಿಲನ್ನೂ ನೋಡುತ್ತಿದ್ದ. ಮುಖದಲ್ಲಿ ರಕ್ತವಿರಲಿಲ್ಲ. ಒದ್ದಾಡು ಮಗನೇ ಎಂದುಕೊಂಡು ಶ್ರೀಪಾಲ ಹಿತ್ತಲಿಗೆ ತಿರುಗಿದ. ಬೇಲಿ ದಾಟುವಾಗ ಕೋಟಿನ ಇನ್ನೊಂದು ತೋಳೂ ಅಲ್ಲೇ ಉಳಿಯಿತು. ಅಡುಗೆಮನೆಯ ಕಿಟಕಿಯಲ್ಲಿ ಚಂದ್ರಾಬಾಯಿ ಕಂಡಳು, ಮೊಣಕೈವರೆಗೆ ಹೂರಣ. ಸರುಬಾಯಿ ನೀರಿಗೆ ಹೋಗಿದ್ದಳು.

"ಶ್‌! ಇಲ್ಲೊಂದ ಸಹಿ ಮಾಡು."

"ಅಯ್ಯ, ಏನ್ರೀ ಇದು ಅವತಾರ? ಯಾರ ಹೊಡದ್ರು?"

"ಎಮ್ಮಿ. ಸಹಿ ಮಾಡು ಅಂದ್ನೆಲ್ಲ."

"ಎಂಥಾ ಕಾಗದ್ರೀ? ಓದಿ ಹೇಳ್ರಿ ಮೊದಲ. ನಮ್ಮಪ್ಪ ಕೊಟ್ಟ ಹೊಲಾ ಏನರೆ ಮಾರಾಕತ್ತೀರೇನು?"

"ಮಾರೂದಲ್ಲ, ಬಂಗಾರ ಮಾಡೂದು! ಇಷ್ಟ ವರ್ಷ ಸರೂನ ಪಾಲಿಗೆ ಚಲೋ ಚೀಟಿ ಬಂತು ಅಂತ ನಾ ಉರಕೊಂಡಿಲ್ಲೇನು? ಇವತ್ತ ಚೀಟಿ ತಿರಿಗಿಸಾಕತ್ತೀನಿ. ಲಗು ಮಾಡು, ಹೊತ್ತ ಮುಳಗತೈತಿ."

"ನೀವ ಉರಕೊಂಡ್ರಿ, ನಾ ಎಂದ ಉರಕೊಂಡಿದ್ದೆ?" ಎಂದಳು ಚಂದ್ರಾಬಾಯಿ. ಆದರೂ ಗಂಡನ ಹರಿದ ಕೋಟು, ಮುಗಿದ ಕೈ ನೋಡಿ ಕನಿಕರವಾಯಿತು. ಹೂರಣದ ಬೆರಳಿನಿಂದಲೇ ಪೆನ್ನು ಹಿಡಿದು ಶಾಲೆಯಲ್ಲಿ ಕಲಿತ ಮರಾಠಿ ಅಕ್ಷರದಲ್ಲಿ ಹೆಸರು ಬರೆದಳು.

ಶ್ರೀಪಾಲ ಹೊಲಕ್ಕೆ ಬರುವ ಹೊತ್ತಿಗೆ ಸಾಹೇಬರು ನಕಾಶೆಯನ್ನು ಜೀಪಿನ ಮೂತಿಯ ಮೇಲೆ ಹರಡಿಕೊಂಡಿದ್ದರು. ಕಾಗದ ನೋಡಿದರು, ಹೂರಣದ ಕಲೆಯನ್ನು ಉಗುರಿನಿಂದ ಕೆರೆದರು, ಫೈಲಿಗೆ ಸೇರಿಸಿದರು. ಎಡಗಡೆಯ ಚೌಕದ ಮೇಲೆ ಕಾಟು ಹೊಡೆದು, ಅಳತೆಪಟ್ಟಿ ಇಟ್ಟು ಬಲಗಡೆಗೆ ಹೊಸದೊಂದು ಕೆಂಪು ಚೌಕ ಎಳೆದರು. ನಾಲ್ಕು ಗೆರೆ. ಇಡೀ ಜನ್ಮದಲ್ಲಿ ಶ್ರೀಪಾಲ ಇಷ್ಟು ಚಂದದ ನಾಲ್ಕು ಗೆರೆ ನೋಡಿರಲಿಲ್ಲ.

"ನಿಮ್ಮಂಥಾ ಮನಶ್ಯಾನ್ನ ನಾ ನೋಡಿಲ್ಲ," ಎಂದು ಸಾಹೇಬರು ಅವನ ಎರಡೂ ಕೈ ಹಿಡಿದುಕೊಂಡರು. ಶ್ರೀಪಾಲ ವಿನಯದಿಂದ ತಲೆ ತಗ್ಗಿಸಿದ. ಸೂರ್ಯ ಆಗಲೇ ಮಿರಜದ ಕಡೆ ಇಳಿದುಹೋಗಿದ್ದ. ಹೋಳಿಗೆ ತಪ್ಪಿತ್ತು, ಚೌಕ ದಾಟಿತ್ತು. ಬೆಳಗಿನಿಂದ ತಾನೂ ಏನೂ ತಿಂದಿಲ್ಲ, ಇನ್ನು ನಾಳೆ ಬೆಳಗಿನವರೆಗೆ ತಿನ್ನುವಂತಿಲ್ಲ ಎಂಬುದೂ ಆಗ ನೆನಪಾಯಿತು. ಆದರೂ ಹೊಟ್ಟೆ ತುಂಬಿದಂತಿತ್ತು.

ಅಷ್ಟರಲ್ಲಿ ಜೀಪು ಹೊಲದ ಹತ್ತಿರವೇ ನಿಂತಿದೆ ಎಂಬ ಸುದ್ದಿ ಊರಿಗೆ ಮುಟ್ಟಿತ್ತು. ಧರಣೇಂದ್ರ ಓಡುತ್ತ ಬಂದ. ಅವನ ಹಿಂದೆ ಬಾಬಾಸಾಹೇಬ ಕಾಕಾ, ಕಾಕಾನ ಹಿಂದೆ ಅರ್ಧ ಊರು, ಕೊನೆಯಲ್ಲಿ ಅಕ್ಕ ತಂಗಿ ಇಬ್ಬರೂ.

"ಸಾಹೇಬರ, ನನ್ನ ಅರ್ಜಿ..." ಎಂದು ಧರಣೇಂದ್ರ ಏದುಸಿರು ಬಿಟ್ಟ.

"ನಿಮ್ಮ ಅರ್ಜಿ ಮಂಜೂರ ಆತು," ಎಂದರು ಸಾಹೇಬರು. "ನಿಮ್ಮ ಹೊಲದ ಮ್ಯಾಲಿನ ಚೌಕ ತಗದೀನಿ."

ಈಗ ಅಳುತ್ತಾನೆ ಎಂದು ಶ್ರೀಪಾಲ ಕಾದ. ಧರಣೇಂದ್ರ ಅತ್ತದ್ದು ನಿಜ. ಆದರೆ ಅಳುತ್ತಲೇ ಸಾಹೇಬರ ಕಾಲಿಗೆ ಬಿದ್ದ. ಸರುಬಾಯಿ ಆಕಾಶಕ್ಕೆ ಕೈ ಮುಗಿದಳು.

"ಒಂದ ವರ್ಷ ಆತ್ರಿ ನಿದ್ದಿ ಇಲ್ಲಾ," ಎಂದ ಧರಣೇಂದ್ರ. "ಚೌಕ ಬಿತ್ತಂದ್ರ ಹೊಲಾ ಸತ್ತಂಗ. ಮಾರಾಂಗಿಲ್ಲ, ಮನಿ ಕಟ್ಟಾಂಗಿಲ್ಲ, ಹೊಸಾ ಬಾವಿ ತೋಡಾಂಗಿಲ್ಲ, ಬ್ಯಾಂಕಿನವ್ರು ಬಾಗಲದಾಗ ನಿಲ್ಲಸಾಂಗಿಲ್ಲ. ಮಗಳು ವೃಷಾಲಿ ಲಗ್ನಕ್ಕಂತ ಅರ್ಧ ಹೊಲಾ ಮಾರಾಕ ಗಿರಾಕಿ ಹಚ್ಚಿದ್ದೆ. ಅವಗ ಗೊತ್ತಾದ್ರ ಓಡಿಹೋಗ್ತಾನಂತ ಈ ಅಣ್ಣಾರ ಮುಂದನೂ ಬಾಯಿ ಬಿಟ್ಟಿದ್ದಿಲ್ಲ. ಚೌಕ ಎಲ್ಲಿಗಿ ಹೋತ್ರಿ ಸಾಹೇಬರ?"

ಸಾಹೇಬರು ಶ್ರೀಪಾಲನ ಹೆಗಲ ಮೇಲೆ ಕೈ ಇಟ್ಟರು. "ಇವರು ತಮ್ಮ ಹೊಲದ ಮ್ಯಾಲ ಹಾಕ್ಕೊಂಡ್ರು. ತಾವ ಬರದು ಕೊಟ್ಟಾರ. ಸಾಡೂನ ಸಲವಾಗಿ ಇಷ್ಟು ದೊಡ್ಡ ತ್ಯಾಗ ಮಾಡಿದವರನ್ನ ನಾ ಕಥಿಯಾಗೂ ಕೇಳಿಲ್ಲ."

ಶ್ರೀಪಾಲ ಆ ಕೈಯನ್ನು ಮೆಲ್ಲಗೆ ಹೆಗಲಿನಿಂದ ಇಳಿಸಿದ. "ಸಾಹೇಬರ... ಸರಕಾರ ಯಾವಾಗ ತಗೊಂತೈತ್ರಿ? ರೊಕ್ಕಾ..."

"ಹೇಳಾಕ ಬರಾಂಗಿಲ್ಲ. ನಾ ಮೊದಲಿದ್ದ ಊರಾಗ ಒಂದು ಹೊಲದ ಮ್ಯಾಲ ಉದ್ಯಾನದ ಗುರುತು ಇತ್ತು, ನಾ ನೌಕರಿಗೆ ಸೇರೂಕಿಂತ ಹಿಂದಿಂದು. ಮಾಲೀಕ ಇನ್ನೂ ಕಾಯಾಕತ್ಯಾನ. ಅಂದ್ರ, ಅವನ ಮಗ."

"ಆ ಕಾಗದ ಸ್ವಲ್ಪ ಕೊಡ್ರಿ ಸಾಹೇಬರ, ಒಂದ ಅಕ್ಷರ ತಿದ್ದೂದೈತಿ," ಎಂದು ಶ್ರೀಪಾಲ ಕೈ ಚಾಚಿದ.

"ತಿದ್ದೂದೇನ ಬಂತು, ಬಂಗಾರದಂಗ ಬರದೀರಿ," ಎಂದು ಸಾಹೇಬರು ಫೈಲಿನ ದಾರ ಬಿಗಿದು ಜೀಪು ಹತ್ತಿದರು. ಜೀಪು ಮಿರಜದ ಕಡೆ ಹೋಯಿತು.

ಶ್ರೀಪಾಲ ಬಾಯಿ ತೆರೆಯುವ ಮೊದಲೇ ಸರುಬಾಯಿ ಅವನ ಸಗಣಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಧರಣೇಂದ್ರ ಹೊಸ ಟೊಪ್ಪಿಗೆ ತೆಗೆದು ಅವನ ತಲೆಗಿಟ್ಟ. ಬಾಬಾಸಾಹೇಬ ಕಾಕಾ ಬೆತ್ತ ಎತ್ತಿ ಸಾರಿದರು: "ನೋಡ್ರಿ, ಕೋಟಿಗೆ ತೋಳಿಲ್ಲ, ಹೊಟ್ಟಿಗೆ ಕೂಳಿಲ್ಲ, ಆದ್ರೂ ಮುಂಜಾನಿಂದ ಸಾಡೂನ ಸಲವಾಗಿ ರಸ್ತೇದಾಗ ನಿಂತಾನ! ನಾಳೆ ಪಂಚಾಯ್ತಿಯೊಳಗ ಶಾಲು ಹೊದಸೂಣು."

ಊರಿನವರೆಲ್ಲ ಧರಣೇಂದ್ರನನ್ನು ಬಿಟ್ಟು ಶ್ರೀಪಾಲನನ್ನು ಹೊಗಳಿದ್ದು ಅದೇ ಮೊದಲು. ಇಪ್ಪತ್ತು ವರ್ಷದಿಂದ ಅವನು ಬಯಸಿದ್ದು ಇದನ್ನೇ. ಈಗ ಆ ಹೊಗಳಿಕೆಯನ್ನು ಹೇಗೆ ಕೊಡವಿಹಾಕುವುದೋ ತಿಳಿಯದೆ ಹಲ್ಲು ಕಿರಿದು ನಿಂತ. ಹೊಟ್ಟೆಕಿಚ್ಚಿಗೆ ಮಾಡಿದೆ ಎಂದು ಅಷ್ಟು ಜನರ ಮುಂದೆ ಹೇಳುವುದು ಹೇಗೆ?

"ಅಣ್ಣಾರ, ಗಿರಾಕಿ ನಾಳೆ ಬರ್ತಾನ," ಎಂದ ಧರಣೇಂದ್ರ ಕಣ್ಣೊರೆಸಿಕೊಳ್ಳುತ್ತ. "ಎದುರಿಗೇ ಟ್ರಕ್ ನಿಲ್ದಾಣ ಬಿತ್ತಂದ್ರ ನನ್ನ ಹೊಲಾ ಇನ್ನ ಅಂಗಡಿ ಸಾಲ ಆಗತೈತಂತ. ಬೆಲಿ ಒಮ್ಮಿಗೇ ಏರತೈತಿ ಅಂತಾರ ಕಾಕಾ. ಕರಾರ ಪತ್ರಕ್ಕ ನೀವ ಸಾಕ್ಷಿ ಸಹಿ ಹಾಕಬೇಕು, ನಿಮ್ಮ ಕೈಗುಣಾ ಭಾಳ ಚಲೋ."

ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. "ಬರ್ತೀನಿ," ಎಂದ ಶ್ರೀಪಾಲ. ಆಮೇಲೆ ತಡೆಯಲಾಗದೆ ಕೇಳಿಯೇಬಿಟ್ಟ: "ಎಷ್ಟ ಏರತೈತಿ?"

ಧರಣೇಂದ್ರ ಕಿವಿಯಲ್ಲಿ ಹೇಳಿದ. ಶ್ರೀಪಾಲ ಬದುವಿನ ಮೇಲೆ ಕೂತುಬಿಟ್ಟ.

ಜನ ಚದುರಿದ ಮೇಲೆ ಚಂದ್ರಾಬಾಯಿ ಬಂದು ಪಕ್ಕದಲ್ಲಿ ನಿಂತಳು. ಬೆರಳಿಗೆ ಒಣಗಿದ ಹೂರಣವನ್ನು ಕೆರೆಯುತ್ತ ತಂದೆ ಕೊಟ್ಟ ಎಲೆಬಳ್ಳಿಯ ಸಾಲುಗಳನ್ನು ನೋಡಿದಳು, ರಸ್ತೆಯಾಚೆ ನೋಡಿದಳು.

"ನಮ್ಮ ಹೊಲಕ್ಕಿಂತಾ ಅವರ ಹೊಲಾ ಚಲೋ, ಅವರ ಹೊಲಾ ಚಲೋ ಅಂತ ದಿನಾ ಅಂತಿದ್ರಿ," ಎಂದಳು. "ಇಷ್ಟ ದಿನ ಅದು ಸುಳ್ಳ ಇತ್ರೀ. ಇವತ್ತ ನಿಮ್ಮ ಕೈಯಾರೆ ಖರೇ ಮಾಡಿದ್ರಿ. ಏಳ್ರಿ, ಮನಿಗೆ ಹೋಗೂಣು."